ಕಾಲಕ್ಕೆ ತಕ್ಕ ಮುಂದಾಳುತನ

ಸುಗ್ಗಿ ಮುಗಿದ ಕಾಲ. ಹಳ್ಳಿಯೊಂದರ ಕಣದ ಬದಿಯಲ್ಲಿ ಒಟ್ಟಿರುವ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಿದೆಯೆಂದು ಭಾವಿಸೋಣ. ಗಾಳಿ ಜೋರಾಗಿ ಬೀಸುತ್ತಿದೆ. ಮಗ್ಗುಲಲ್ಲಿಯೇ ಇನ್ನೆರಡು ಬಣವೆಗಳು. ಅವುಗಳ ಆಚೆಗೆ ದನದ ಕೊಟ್ಟಿಗೆ. ಓಡಿ ಬಂದ ಜನರ ನಡುವೆ ಊರ ಹಿರಿಯನೊಬ್ಬನು ನಿಂತು ಕೂಗುತ್ತಾನೆ: "ನೀವು ನಾಲ್ಕು ಜನ ಹೋಗಿ ದನ ಬಿಚ್ಚಿರಪ್ಪ! ನೀವೆಲ್ಲ ಬಾವಿಯಿಂದ ಇಲ್ಲಿಯವರೆಗೆ ಸಾಲಾಗಿ ನಿಲ್ಲಿ! ಉರಿಯುವುದರ ಗೊಡವೆ ಬಿಡಿ, ಪಕ್ಕದ ಬಣವೆಗೆ ನೀರು ಹೊಯ್ಯಿರಿ!" ಯಾರೂ ಅವನೊಡನೆ ವಾದಕ್ಕೆ ನಿಲ್ಲುವುದಿಲ್ಲ; ಹೇಳಿದುದನ್ನು ಹೇಳಿದಂತೆ ಮಾಡುತ್ತಾರೆ.

ಮರುದಿನ ಸಂಜೆ ಅದೇ ಹಿರಿಯನು ಅರಳಿಕಟ್ಟೆಯ ಮೇಲೆ ಕುಳಿತಿದ್ದಾನೆ. ಹುಲ್ಲು ಕಳೆದುಕೊಂಡವನ ದನಗಳಿಗೆ ಮುಂದಿನ ಮಳೆಗಾಲದವರೆಗೆ ಮೇವು ಒದಗಿಸುವ ಬಗೆ ಹೇಗೆ ಎಂಬುದು ಅಲ್ಲಿಯ ವಿಚಾರ. ಈಗ ಅವನ ಧ್ವನಿ ಏರುವುದಿಲ್ಲ. ಅವನು ಒಬ್ಬೊಬ್ಬರನ್ನೂ ಕೇಳುತ್ತಾನೆ. ಯಾರ ಬಳಿ ಎಷ್ಟು ಹುಲ್ಲು ಉಳಿದಿದೆ, ಯಾರು ಎಷ್ಟು ಹೊರೆ ಕೊಡಬಲ್ಲರು ಎಂಬುದನ್ನು ಅವರವರ ಬಾಯಿಂದಲೇ ಹೊರಡಿಸುತ್ತಾನೆ.

ಈ ಎರಡು ನಡವಳಿಕೆಗಳನ್ನು ಅದಲುಬದಲು ಮಾಡಿ ನೋಡೋಣ. ಬೆಂಕಿಯ ಮುಂದೆ ಸಭೆ ಸೇರಿಸಿದ್ದರೆ ಮೂರು ಬಣವೆಗಳೂ ಬೂದಿಯಾಗುತ್ತಿದ್ದುವು. ಕಟ್ಟೆಯ ಮೇಲೆ ಕುಳಿತು, "ನೀನು ಹತ್ತು ಹೊರೆ ಕೊಡು, ನೀನು ಇಪ್ಪತ್ತು ಕೊಡು" ಎಂದು ಅಪ್ಪಣೆ ಮಾಡಿದ್ದರೆ ಎದುರಿಗೆ ತಲೆಯಾಡಿಸಿದವರೂ ಮನೆಗೆ ಹೋದಮೇಲೆ ಕೊಡಲು ಹಿಂಜರಿಯುತ್ತಿದ್ದರು. ಮನುಷ್ಯನೊಬ್ಬನೇ, ಊರೊಂದೇ, ಆದರೆ ನಿನ್ನೆ ಸರಿಯಾಗಿದ್ದ ರೀತಿ ಇಂದು ತಪ್ಪು. ಹಾಗಾದರೆ ಕಾರ್ಖಾನೆಯಲ್ಲಿ, ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ ಹತ್ತು ಜನರಿಂದ ಕೆಲಸ ಮಾಡಿಸಬೇಕಾದವನು ಯಾವ ರೀತಿಯನ್ನು ಹಿಡಿಯಬೇಕು? ಈ ಪ್ರಶ್ನೆಯನ್ನು ವಿಜ್ಞಾನದ ವಿಧಾನದಿಂದ, ಅಂದರೆ ಪ್ರಯೋಗದಿಂದಲೂ ವೀಕ್ಷಣೆಯಿಂದಲೂ, ಪರಿಶೀಲಿಸಿದವರು ಏನನ್ನು ಕಂಡರೆಂಬುದನ್ನು ಇಲ್ಲಿ ನೋಡೋಣ.

ಹುಡುಗರ ಸಂಘಗಳಲ್ಲಿ ಒಂದು ಪ್ರಯೋಗ

ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞನು ಯೆಹೂದ್ಯ ಮನೆತನದವನು. ಜರ್ಮನಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದ 1933ರಲ್ಲಿ ಅವನು ಆ ದೇಶವನ್ನು ಬಿಟ್ಟು ಅಮೆರಿಕವನ್ನು ಸೇರಿದನು. ಸರ್ವಾಧಿಕಾರವು ಮನುಷ್ಯರ ಮೇಲೆ ಏನು ಪರಿಣಾಮವನ್ನುಂಟುಮಾಡುತ್ತದೆ ಎಂಬುದು ಅವನಿಗೆ ಕೇವಲ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. 1938-39ರ ಸುಮಾರಿನಲ್ಲಿ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಅವನೂ, ರೊನಾಲ್ಡ್ ಲಿಪ್ಪಿಟ್ ಮತ್ತು ರಾಲ್ಫ್ ವೈಟ್ ಎಂಬ ಅವನ ಸಂಗಡಿಗರೂ ಹತ್ತು ಹನ್ನೊಂದು ವರ್ಷದ ಹುಡುಗರ ಚಿಕ್ಕ ಚಿಕ್ಕ ಸಂಘಗಳನ್ನು ಕಟ್ಟಿದರು. ಮುಖವಾಡ ತಯಾರಿಸುವುದೇ ಮೊದಲಾದ ಕೈಗೆಲಸಗಳು ಹುಡುಗರಿಗೆ. ಪ್ರತಿ ಸಂಘಕ್ಕೂ ಒಬ್ಬ ದೊಡ್ಡವನು ಮುಂದಾಳು.

ಮುಂದಾಳುಗಳು ಮೂರು ರೀತಿಗಳಲ್ಲಿ ನಡೆದುಕೊಂಡರು. ಮೊದಲನೆಯ ರೀತಿಯಲ್ಲಿ ಎಲ್ಲವೂ ಅವನ ಅಪ್ಪಣೆ. ಮುಂದಿನ ಹೆಜ್ಜೆ ಯಾವುದೆಂಬುದೂ ಹುಡುಗರಿಗೆ ತಿಳಿಯದು. ಎರಡನೆಯದರಲ್ಲಿ ಕೆಲಸದ ಯೋಜನೆಯನ್ನು ಎಲ್ಲರೂ ಕೂಡಿ ಚರ್ಚಿಸುವರು. ಮುಂದಾಳು ದಾರಿಗಳನ್ನು ತೋರಿಸುವನು, ಆಯ್ಕೆ ಹುಡುಗರದು. ಮೂರನೆಯದರಲ್ಲಿ ಅವನು ಸುಮ್ಮನಿರುವನು. ಕೇಳಿದರೆ ಹೇಳುವನು, ಇಲ್ಲವಾದರೆ ಇಲ್ಲ.

ಫಲಿತಾಂಶಗಳು ಸ್ವಾರಸ್ಯವಾಗಿದ್ದುವು. ಅಪ್ಪಣೆಯ ಸಂಘದಲ್ಲಿ ಮುಂದಾಳು ಎದುರಿಗಿರುವವರೆಗೆ ಕೆಲಸ ಚುರುಕಾಗಿ ಸಾಗಿತು. ಅವನು ಹೊರಗೆ ಹೋದೊಡನೆ ಕೈಗಳು ನಿಂತುವು. ಚರ್ಚೆಯ ಸಂಘದಲ್ಲಿ ಅವನು ಇದ್ದರೂ ಇಲ್ಲದಿದ್ದರೂ ಕೆಲಸ ಹೆಚ್ಚು ಕಡಮೆ ಒಂದೇ ಸಮನಾಗಿ ನಡೆಯಿತು. ಸುಮ್ಮನೆ ಬಿಟ್ಟ ಸಂಘದಲ್ಲಿ ಕೆಲಸವೂ ಕಡಮೆ, ತೃಪ್ತಿಯೂ ಕಡಮೆ. ಹುಡುಗರಿಗೆ ಹೆಚ್ಚು ಮೆಚ್ಚಿಕೆಯಾದವನು ಎರಡನೆಯ ರೀತಿಯ ಮುಂದಾಳು.

ಆ ಪ್ರಯೋಗದ ಇನ್ನೊಂದು ಅಂಶವನ್ನು ನಾವು ಮರೆಯಬಾರದು. ಇಂತಹವನು ಕಟ್ಟುನಿಟ್ಟಿನವನು, ಇಂತಹವನು ಮೃದು ಸ್ವಭಾವದವನು ಎಂದು ಮುಂದಾಳುಗಳನ್ನು ಆರಿಸಿರಲಿಲ್ಲ. ಒಬ್ಬನೇ ವ್ಯಕ್ತಿ ಒಂದು ಸಂಘದಲ್ಲಿ ಒಂದು ರೀತಿಯನ್ನೂ ಇನ್ನೊಂದು ಸಂಘದಲ್ಲಿ ಬೇರೆ ರೀತಿಯನ್ನೂ ಅಭ್ಯಾಸ ಮಾಡಿ ನಡೆಸಿದನು. ಮುಂದಾಳುತನದ ರೀತಿಯು ಹುಟ್ಟಿನೊಡನೆ ಅಂಟಿಕೊಂಡು ಬಂದುದಲ್ಲ, ಕಲಿತು ಬದಲಿಸಬಹುದಾದುದು ಎಂಬ ಭರವಸೆಗೆ ಇದು ಮೊದಲನೆಯ ಆಧಾರ.

ಆದರೆ ಮುಖವಾಡ ತಯಾರಿಸುವ ಹುಡುಗರಿಗೆ ಅವಸರವೇನೂ ಇರಲಿಲ್ಲ. ತಪ್ಪಿದರೆ ಕೆಡುವುದು ಒಂದಿಷ್ಟು ಕಾಗದ. ತಪ್ಪಿದರೆ ಪ್ರಾಣ ಹೋಗುವ ಸ್ಥಳದಲ್ಲಿ ಈ ತೀರ್ಮಾನ ನಿಲ್ಲುವುದೇ?

ಒಂದೇ ಮದ್ದು ಎಲ್ಲ ರೋಗಕ್ಕಲ್ಲ

ಮುಂದಿನ ಸಂಶೋಧಕರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. 1958ರಲ್ಲಿ ರಾಬರ್ಟ್ ಟ್ಯಾನೆನ್‌ಬಾಮ್ ಮತ್ತು ವಾರೆನ್ ಶ್ಮಿಟ್ ಎಂಬುವರು, ಅಪ್ಪಣೆ ಮತ್ತು ಸಮಾಲೋಚನೆಗಳು ಎರಡು ಬೇರೆ ಬೇರೆ ಪೆಟ್ಟಿಗೆಗಳಲ್ಲ, ಒಂದೇ ಗೆರೆಯ ಎರಡು ತುದಿಗಳು ಎಂದು ತೋರಿಸಿದರು. ತಾನೇ ತೀರ್ಮಾನಿಸಿ ತಿಳಿಸುವುದು, ಕಾರಣ ಹೇಳಿ ಒಪ್ಪಿಸುವುದು, ಪ್ರಶ್ನೆಯನ್ನು ಮುಂದಿಟ್ಟು ಸಲಹೆ ಕೇಳುವುದು, ಮಿತಿಯನ್ನು ಹೇಳಿ ತೀರ್ಮಾನವನ್ನೇ ಬಿಟ್ಟುಕೊಡುವುದು - ಹೀಗೆ ನಡುವೆ ಅನೇಕ ಮೆಟ್ಟಿಲುಗಳುಂಟು. ಯಾವ ಮೆಟ್ಟಿಲಿನ ಮೇಲೆ ನಿಲ್ಲಬೇಕೆಂಬುದನ್ನು ಮುಂದಾಳು, ಅವನ ಕೈಕೆಳಗಿನವರು ಮತ್ತು ಸಂದರ್ಭ ಈ ಮೂರೂ ಕೂಡಿ ನಿರ್ಧರಿಸುತ್ತವೆ.

1969ರಲ್ಲಿ ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚಾರ್ಡ್ ಎಂಬುವರು ಕಲಿಯುವವನ ಕಡೆಯಿಂದ ಈ ವಿಷಯವನ್ನು ನೋಡಿದರು. ಕಾರ್ಖಾನೆಗೆ ಹೊಸದಾಗಿ ಸೇರಿದ ಹುಡುಗನನ್ನು ಲೇತ್ ಯಂತ್ರದ ಮುಂದೆ ನಿಲ್ಲಿಸಿ, "ನಿನಗೆ ತೋಚಿದಂತೆ ಮಾಡು" ಎಂದರೆ ಅದು ಔದಾರ್ಯವಲ್ಲ, ಅಪಾಯ. ಅವನಿಗೆ ಬೇಕಾದುದು ಸ್ಪಷ್ಟವಾದ ಸೂಚನೆ. ಕೆಲವು ದಿನಗಳ ಮೇಲೆ ಸೂಚನೆಯೊಡನೆ ಕಾರಣವನ್ನೂ ವಿವರಿಸಬೇಕು. ಇನ್ನೂ ಪಳಗಿದ ಮೇಲೆ ಅವನ ಅಭಿಪ್ರಾಯವನ್ನು ಕೇಳಬೇಕು. ಕೊನೆಗೆ ಕೆಲಸವನ್ನು ಅವನಿಗೇ ಒಪ್ಪಿಸಿ ಮೇಸ್ತ್ರಿಯು ಪಕ್ಕಕ್ಕೆ ಸರಿಯಬೇಕು. ಇಪ್ಪತ್ತು ವರ್ಷ ಕೆಲಸ ಮಾಡಿದವನಿಗೆ ಮೊದಲ ದಿನದ ಸೂಚನೆಗಳನ್ನೇ ಕೊಡುತ್ತಿದ್ದರೆ ಅದು ಅವಮಾನ. ತರಬೇತಿ ಕೊಡುವವರಲ್ಲಿ ಈ ನಾಲ್ಕು ಮೆಟ್ಟಿಲುಗಳ ಕ್ರಮವು ಬಹಳ ಬಳಕೆಗೆ ಬಂದಿತು. ಆದರೆ ಅನಂತರದ ಪರೀಕ್ಷೆಗಳಲ್ಲಿ ಅದಕ್ಕೆ ದೊರೆತ ಬೆಂಬಲ ಮಿಶ್ರವಾದುದು. ಹೊಸಬರ ವಿಷಯದಲ್ಲಿ ಹೆಚ್ಚು, ಪಳಗಿದವರ ವಿಷಯದಲ್ಲಿ ಕಡಮೆ.

ಎಲ್ಲರೂ ಒಪ್ಪಿದರೆಂದಲ್ಲ. ಫ್ರೆಡ್ ಫೀಡ್ಲರ್ ಎಂಬ ಮನಶ್ಶಾಸ್ತ್ರಜ್ಞನು 1967ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮನುಷ್ಯನ ರೀತಿ ಸುಲಭವಾಗಿ ಬದಲಾಗತಕ್ಕುದಲ್ಲ, ಆದುದರಿಂದ ಸಂದರ್ಭಕ್ಕೆ ಒಪ್ಪುವ ಮನುಷ್ಯನನ್ನು ಆರಿಸಬೇಕು ಅಥವಾ ಅವನಿಗೆ ಒಪ್ಪುವಂತೆ ಸಂದರ್ಭವನ್ನೇ ತಿದ್ದಬೇಕು ಎಂದು ವಾದಿಸಿದನು. ಈ ಎಚ್ಚರಿಕೆಯಲ್ಲಿ ತಿರುಳಿದೆ. ರೀತಿಯನ್ನು ಬದಲಿಸುವುದು ಅಂಗಿ ಬದಲಿಸಿದಷ್ಟು ಸುಲಭವಲ್ಲ. ಅದಕ್ಕೆ ಅಭ್ಯಾಸ ಬೇಕು.

1973ರಲ್ಲಿ ವಿಕ್ಟರ್ ವ್ರೂಮ್ ಮತ್ತು ಫಿಲಿಪ್ ಯೆಟನ್ ಎಂಬುವರು, ತೀರ್ಮಾನವೊಂದನ್ನು ಕೈಗೊಳ್ಳುವ ಮೊದಲು ಮುಂದಾಳು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳ ಸರಣಿಯೊಂದನ್ನು ರಚಿಸಿದರು. ಈ ಎಲ್ಲ ಸಂಶೋಧನೆಗಳ ಸಾರವನ್ನು ನಾವು ಮೂರು ಪ್ರಶ್ನೆಗಳಲ್ಲಿ ಅಡಗಿಸಬಹುದು. ಕೈಯಲ್ಲಿರುವ ಕಾಲವೆಷ್ಟು? ಬೇಕಾದ ತಿಳಿವಳಿಕೆ ಯಾರಲ್ಲಿದೆ? ಇತರರು ಮನಸಾರ ಒಪ್ಪದೆ ಕೆಲಸ ನಡೆಯುವುದೇ? ಈ ಮೂರು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು, ನಿಜವಾಗಿ ನಡೆದ ಮೂರು ಘಟನೆಗಳನ್ನು ಈಗ ಪರೀಕ್ಷಿಸೋಣ. ಮೂರೂ ಅಮೆರಿಕದಲ್ಲಿ ನಡೆದುವು. ಮೂರರಲ್ಲಿಯೂ ಪಣವಾಗಿದ್ದುದು ಪ್ರಾಣ.

ಆಕಾಶದಲ್ಲಿ ಎರಡು ಪಾಠಗಳು

1978ರ ಡಿಸೆಂಬರ್ 28ರ ಸಂಜೆ, ಯುನೈಟೆಡ್ ಏರ್‌ಲೈನ್ಸ್ ಸಂಸ್ಥೆಯ ಡಿ.ಸಿ.-8 ವಿಮಾನವೊಂದು ಪೋರ್ಟ್‌ಲೆಂಡ್ ನಗರವನ್ನು ಸಮೀಪಿಸುತ್ತಿದ್ದಿತು. ಇಳಿಯಲೆಂದು ಚಕ್ರಗಳನ್ನು ಹೊರಕ್ಕೆ ಬಿಟ್ಟಾಗ ಅಸಾಧಾರಣವಾದ ಸದ್ದಾಯಿತು. ಚಕ್ರಗಳು ಭದ್ರವಾಗಿ ಕೂತಿವೆಯೋ ಇಲ್ಲವೋ ಎಂಬ ಸಂಶಯದಿಂದ ಕಪ್ತಾನನು ಸುಮಾರು ಒಂದು ಗಂಟೆಯ ಕಾಲ ವಿಮಾನವನ್ನು ಸುತ್ತಾಡಿಸುತ್ತ, ಒರಟಾದ ಇಳಿತಕ್ಕೆ ಪ್ರಯಾಣಿಕರನ್ನು ಸಿದ್ಧಪಡಿಸುವುದರಲ್ಲಿ ಮಗ್ನನಾದನು. ಇತ್ತ ಇಂಧನವು ಕಡಮೆಯಾಗುತ್ತ ಬಂದಿತು. ಪಕ್ಕದಲ್ಲಿದ್ದ ಸಹಚಾಲಕನಿಗೂ ವಿಮಾನದ ಎಂಜಿನಿಯರನಿಗೂ ಅದು ಕಾಣುತ್ತಿದ್ದಿತು. ಅವರು ಸೂಚಿಸಿದರು; ಆದರೆ ಮೆಲ್ಲಗೆ, ದೊಡ್ಡವರಿಗೆ ಹೇಳುವಂತೆ ಹೇಳಿದರು. ಕಪ್ತಾನನ ಮನಸ್ಸಿಗೆ ಅದು ನಾಟಲಿಲ್ಲ. ಕೊನೆಗೆ ಎಂಜಿನುಗಳು ಒಂದಾದ ಮೇಲೊಂದು ಆರಿಹೋಗಿ ವಿಮಾನವು ಊರ ಹೊರವಲಯದಲ್ಲಿ ಬಿದ್ದಿತು. ಅದರಲ್ಲಿದ್ದ 189 ಜನರಲ್ಲಿ 10 ಮಂದಿ ಮಡಿದರು.

ತನಿಖೆ ನಡೆಸಿದ ಮಂಡಲಿಯು, ಇಂಧನದ ಕಡೆಗೂ ಸಂಗಡಿಗರ ಸೂಚನೆಗಳ ಕಡೆಗೂ ಕಪ್ತಾನನು ಗಮನ ಕೊಡದಿದ್ದುದನ್ನು ಅಪಘಾತದ ಕಾರಣವೆಂದು ಹೇಳಿತು. ಉಳಿದ ಇಬ್ಬರು ಆತಂಕವನ್ನು ಮನಮುಟ್ಟುವಂತೆ ತಿಳಿಸದೆಹೋದುದನ್ನೂ ಎತ್ತಿ ತೋರಿಸಿತು. ಇಲ್ಲಿ ಯಂತ್ರಕ್ಕಿಂತ ಹೆಚ್ಚಾಗಿ ಕೆಟ್ಟುದು ಮಾತಿನ ದಾರಿ. ಕಾಲ ಇದ್ದಿತು, ತಿಳಿವಳಿಕೆ ಇದ್ದಿತು, ಆದರೆ ಅದು ಇದ್ದುದು ಕಪ್ತಾನನ ತಲೆಯಲ್ಲಲ್ಲ, ಅವನ ಪಕ್ಕದ ಆಸನಗಳಲ್ಲಿ. ಮರುವರ್ಷ, 1979ರಲ್ಲಿ, ನಾಸಾ ಸಂಸ್ಥೆಯು ಈ ಬಗೆಯ ಅಪಘಾತಗಳನ್ನು ಕುರಿತು ವಿಚಾರಗೋಷ್ಠಿಯೊಂದನ್ನು ನಡೆಸಿತು. 1981ರಲ್ಲಿ ಅದೇ ವಿಮಾನ ಸಂಸ್ಥೆಯು ತನ್ನ ಚಾಲಕರಿಗೆ ಹೊಸದೊಂದು ತರಬೇತಿಯನ್ನು ಆರಂಭಿಸಿತು: ಕಪ್ತಾನನು ಕೇಳುವುದನ್ನು ಕಲಿಯಬೇಕು, ಕಿರಿಯರು ಧೈರ್ಯವಾಗಿ ಹೇಳುವುದನ್ನು ಕಲಿಯಬೇಕು.

ಆ ಕಲಿಕೆಯ ಫಲ ಕಂಡುದು 1989ರ ಜುಲೈ 19ರಂದು. ಆಲ್ ಹೇನ್ಸ್ ಎಂಬ ಕಪ್ತಾನನ ಡಿ.ಸಿ.-10 ವಿಮಾನವು 296 ಜನರನ್ನು ಹೊತ್ತು ಡೆನ್ವರ್‌ನಿಂದ ಶಿಕಾಗೋ ಕಡೆಗೆ ಹಾರುತ್ತಿದ್ದಾಗ ಬಾಲದ ಎಂಜಿನ್ನಿನ ಬೀಸಣಿಗೆಯ ಬಿಲ್ಲೆ ಒಡೆದು ಸಿಡಿಯಿತು. ರೆಕ್ಕೆ ಬಾಲಗಳ ಚಲಿಸುವ ಭಾಗಗಳನ್ನು ಆಡಿಸುವ ಮೂರು ಹೈಡ್ರಾಲಿಕ್ ವ್ಯವಸ್ಥೆಗಳೂ ಅದರ ತುಣುಕುಗಳಿಂದ ತುಂಡಾದುವು. ಮೂರೂ ಒಟ್ಟಿಗೆ ಕೆಡಬಹುದೆಂದು ಯಾರೂ ಎಣಿಸಿರಲಿಲ್ಲ. ಆದುದರಿಂದ ಅಂತಹ ಸ್ಥಿತಿಗೆ ಲಿಖಿತ ವಿಧಾನವೂ ಇರಲಿಲ್ಲ. ಹೇನ್ಸನು ತನಗೆ ಉತ್ತರ ಗೊತ್ತಿಲ್ಲವೆಂಬುದನ್ನು ತನ್ನವರಿಂದ ಮರೆಮಾಚಲಿಲ್ಲ. ಸಹಚಾಲಕನನ್ನೂ ಎಂಜಿನಿಯರನನ್ನೂ ಕೇಳಿದನು. ನೆಲದ ಮೇಲಿನ ತಜ್ಞರನ್ನು ರೇಡಿಯೋ ಮೂಲಕ ಕೇಳಿದನು. ಪ್ರಯಾಣಿಕರ ನಡುವೆ ಡೆನಿಸ್ ಫಿಚ್ ಎಂಬ ಚಾಲಕರ ಶಿಕ್ಷಕನಿದ್ದು ನೆರವಾಗಲು ಮುಂದೆ ಬಂದಾಗ, ಅವನನ್ನು ಒಳಗೆ ಕರೆಸಿ, ಉಳಿದ ಎರಡು ಎಂಜಿನುಗಳ ಶಕ್ತಿಯನ್ನು ಹೆಚ್ಚು ಕಡಮೆ ಮಾಡುವ ಹಿಡಿಗಳನ್ನೇ ಅವನ ಕೈಗೆ ಕೊಟ್ಟನು. ಆ ಹಿಡಿಗಳಿಂದಲೇ ವಿಮಾನವನ್ನು ಅಷ್ಟಿಷ್ಟು ತಿರುಗಿಸುತ್ತ, ಎಂಜಿನ್ ಒಡೆದ 44 ನಿಮಿಷಗಳ ಮೇಲೆ, ನಾಲ್ವರೂ ಕೂಡಿ ಅದನ್ನು ಸೂ ಸಿಟಿಯ ನಿಲ್ದಾಣದವರೆಗೆ ತಂದರು. ನೆಲ ಮುಟ್ಟಿದಾಗ ವಿಮಾನ ಮುರಿದು ಹೊತ್ತಿಕೊಂಡಿತು. 112 ಮಂದಿ ಮಡಿದರು. ಆದರೆ 184 ಮಂದಿ ಬದುಕಿ ಉಳಿದರು. ಎಲ್ಲರೂ ಸಾಯಬೇಕಾಗಿದ್ದ ಅಪಘಾತದಲ್ಲಿ ಅಷ್ಟು ಜನ ಉಳಿದುದಕ್ಕೆ ಆ ಹೊಸ ತರಬೇತಿಯೂ ಒಂದು ಮುಖ್ಯ ಕಾರಣವೆಂದು ಹೇನ್ಸನು ಮುಂದೆ ಅನೇಕ ಸಭೆಗಳಲ್ಲಿ ಹೇಳಿದನು.

ಇಲ್ಲಿ ಒಂದು ಸಾಮಾನ್ಯ ನಂಬಿಕೆ ಬಿದ್ದುಹೋಗುತ್ತದೆ. ಅಪಾಯ ಬಂದಾಗ ಅಪ್ಪಣೆ, ಶಾಂತಿಯಿದ್ದಾಗ ಚರ್ಚೆ ಎಂದು ಬಣವೆಯ ಕಥೆಯಿಂದ ನಾವು ತೀರ್ಮಾನಿಸಿದ್ದರೆ ಅದು ಅರ್ಧ ಸತ್ಯ. ಉತ್ತರವು ಯಾರೊಬ್ಬರಲ್ಲಿಯೂ ಪೂರ್ತಿಯಾಗಿಲ್ಲದಿರುವಾಗ, ಅಪಾಯದ ನಡುವೆಯೂ ಕೇಳುವವನೇ ಒಳ್ಳೆಯ ಮುಂದಾಳು.

ಹುಲ್ಲುಗಾವಲಿನ ಬೆಂಕಿ

ಇನ್ನು ಇದಕ್ಕೆ ತದ್ವಿರುದ್ಧವಾದ ಸ್ಥಿತಿ. 1949ರ ಆಗಸ್ಟ್ 5ರಂದು ಮೊಂಟಾನಾ ರಾಜ್ಯದ ಮ್ಯಾನ್ ಗಲ್ಚ್ ಎಂಬ ಕಣಿವೆಯಲ್ಲಿ ಕಾಡುಕಿಚ್ಚು ಎದ್ದಿತು. ವಿಮಾನದಿಂದ ಧುಮುಕಿ ಬೆಂಕಿ ನಂದಿಸುವ 15 ಜನರ ತಂಡವೊಂದು ಅಲ್ಲಿಗೆ ಇಳಿಯಿತು. ಅರಣ್ಯ ಇಲಾಖೆಯ ಕಾವಲುಗಾರನೊಬ್ಬನು ಅವರನ್ನು ಕೂಡಿಕೊಂಡನು. ಮೇಲಾಳು ವ್ಯಾಗ್ನರ್ ಡಾಡ್ಜ್. ಬೆಂಕಿಯು ಇದ್ದಕ್ಕಿದ್ದಂತೆ ಕಣಿವೆಯನ್ನು ದಾಟಿ, ಒಣಹುಲ್ಲಿನ ಇಳಿಜಾರಿನಲ್ಲಿ ಅವರನ್ನು ಅಟ್ಟಿಸಿಕೊಂಡು ಬಂದಿತು. ಓಡಿ ತಪ್ಪಿಸಿಕೊಳ್ಳಲಾಗದೆಂದು ಕಂಡ ಡಾಡ್ಜ್ ವಿಚಿತ್ರವಾದ ಒಂದು ಕೆಲಸವನ್ನು ಮಾಡಿದನು: ಬೆಂಕಿಕಡ್ಡಿ ಗೀರಿ ಮುಂದಿನ ಹುಲ್ಲಿಗೆ ತಾನೇ ಉರಿ ಹಚ್ಚಿದನು. ಹುಲ್ಲು ಸುಟ್ಟು ಬರಿದಾದ ಆ ಜಾಗದಲ್ಲಿ ಹಿಂದಿನಿಂದ ಬರುವ ಬೆಂಕಿಗೆ ಆಹಾರವಿರದು; ಅಲ್ಲಿ ಬೋರಲು ಮಲಗಿದರೆ ಬದುಕಬಹುದು. ಅವನು ತನ್ನವರನ್ನು ಕೂಗಿ ಕರೆದನು. ಯಾರೂ ಬರಲಿಲ್ಲ. ಬೆಂಕಿಯಿಂದ ಓಡುತ್ತಿರುವವರಿಗೆ ಬೆಂಕಿ ಹಚ್ಚುವ ಮೇಲಾಳು ಹುಚ್ಚನಾಗಿ ಕಂಡಿರಬೇಕು. 13 ಜನ ಸತ್ತರು. ಡಾಡ್ಜ್ ಬದುಕಿದನು; ಓಡಿ ಬೆಟ್ಟದ ನೆತ್ತಿಯನ್ನು ದಾಟಿದ ಇಬ್ಬರು ಬದುಕಿದರು.

ನಮ್ಮ ಮೂರು ಪ್ರಶ್ನೆಗಳನ್ನು ಇಲ್ಲಿ ಕೇಳಿ. ಕಾಲ ಕೆಲವು ಕ್ಷಣಗಳದು. ತಿಳಿವಳಿಕೆ ಇದ್ದುದು ಒಬ್ಬನಲ್ಲಿ ಮಾತ್ರ. ಆದುದರಿಂದ ಅಪ್ಪಣೆಯೇ ಸರಿಯಾದ ರೀತಿ. ಡಾಡ್ಜ್ ಅದನ್ನೇ ಮಾಡಿದನು. ಆದರೂ ಅಪ್ಪಣೆ ಫಲಿಸಲಿಲ್ಲ. ಏಕೆ? 1993ರಲ್ಲಿ ಈ ದುರಂತವನ್ನು ವಿಶ್ಲೇಷಿಸಿದ ಕಾರ್ಲ್ ವೈಕ್ ಎಂಬ ಪಂಡಿತನು, ಆ ಜನ ಪರಸ್ಪರ ಪಳಗಿದ ತಂಡವಾಗಿರಲಿಲ್ಲ ಎಂಬುದನ್ನು ಒತ್ತಿ ಹೇಳಿದನು. ಮೇಲಾಳು ಎಂತಹವನು, ಅವನ ಮಾತಿಗೆ ಎಷ್ಟು ಬೆಲೆ ಎಂಬುದನ್ನು ಅರಿಯುವಷ್ಟು ಅವರು ಅವನೊಡನೆ ಬೆರೆತಿರಲಿಲ್ಲ. ಉರಿಯ ಮುಂದೆ ವಿವರಣೆಗೆ ವ್ಯವಧಾನವಿಲ್ಲ. ಅಲ್ಲಿ ಒಂದೇ ಮಾತಿಗೆ ಜನ ತಿರುಗಿ ಬರಬೇಕಾದರೆ ಆ ಮಾತಿನ ಹಿಂದಿನ ವಿಶ್ವಾಸವನ್ನು ನೆಮ್ಮದಿಯ ದಿನಗಳಲ್ಲಿಯೇ ಕೂಡಿಟ್ಟಿರಬೇಕು. ನಮ್ಮ ಹಳ್ಳಿಯ ಹಿರಿಯನ ಕೂಗಿಗೆ ಊರು ಓಗೊಟ್ಟುದು ಅವನ ಗಂಟಲಿನ ಬಲದಿಂದಲ್ಲ. ಹಿಂದೆ ಎಷ್ಟೋ ಸಂಜೆ ಅವನು ಕಟ್ಟೆಯ ಮೇಲೆ ಕುಳಿತು ಎಲ್ಲರ ಮಾತನ್ನೂ ಕೇಳಿದ್ದನು.

ನಿಮಿಷ ನಿಮಿಷಕ್ಕೂ ಬದಲಾಗುವ ರೀತಿ

ಇಂತಹ ಬದಲಾವಣೆಯನ್ನು ದಿನನಿತ್ಯದ ಕೆಲಸದಲ್ಲಿ ರೂಢಿಸಿಕೊಳ್ಳಲು ಸಾಧ್ಯವೇ? ಸಾಧ್ಯವೆಂಬುದಕ್ಕೆ ಅಮೆರಿಕದ ಒಂದು ಅಪಘಾತ ಚಿಕಿತ್ಸಾ ಕೇಂದ್ರವು ಸಾಕ್ಷಿ. ಕ್ಯಾಥರೀನ್ ಕ್ಲೈನ್ ಮತ್ತು ಸಂಗಡಿಗರು ಅಲ್ಲಿಯ ವೈದ್ಯರ ತಂಡಗಳನ್ನು ಹತ್ತಿರದಿಂದ ವೀಕ್ಷಿಸಿ 2006ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಅಲ್ಲಿ ಗಾಯಾಳುವಿನ ಸುತ್ತ ಹಿರಿಯ ವೈದ್ಯನೂ, ಅವನಿಗಿಂತ ಕಿರಿಯನೂ, ಇನ್ನೂ ಕಲಿಯುತ್ತಿರುವವನೂ ನಿಂತಿರುತ್ತಾರೆ. ಗಾಯ ಸಾಧಾರಣವಾದುದಾದರೆ ಹಿರಿಯನು ಹಿಂದೆ ನಿಂತು ಕಿರಿಯನಿಗೆ ಮುಂದಾಳುತನವನ್ನು ಬಿಟ್ಟುಕೊಡುತ್ತಾನೆ. ರೋಗಿಯ ಸ್ಥಿತಿ ಕೆಟ್ಟರೆ ಅಥವಾ ಕಿರಿಯನ ಕೈ ತಡವರಿಸಿದರೆ ಹಿರಿಯನು ಮುಂದೆ ಬರುತ್ತಾನೆ. ಸ್ಥಿತಿ ಸುಧಾರಿಸಿದೊಡನೆ ಪುನಃ ಹಿಂದೆ ಸರಿಯುತ್ತಾನೆ. ಇದು ಯಾರಿಗೂ ಅಪಮಾನವೆನಿಸುವುದಿಲ್ಲ. ಏಕೆಂದರೆ ನಿಯಮವು ಎಲ್ಲರಿಗೂ ತಿಳಿದಿದೆ. ರೋಗಿಗೆ ರಕ್ಷಣೆ, ಕಿರಿಯನಿಗೆ ಕಲಿಕೆ - ಎರಡೂ ಒಟ್ಟಿಗೆ ಸಾಧಿಸುತ್ತವೆ.

ಬದಲಾಗಬಾರದುದು

"ಕಾಲಕ್ಕೆ ತಕ್ಕ ಕೋಲ" ಎಂಬ ಗಾದೆಯನ್ನು ನಮ್ಮ ಜನ ಅನೇಕ ವೇಳೆ ಹಾಸ್ಯಕ್ಕಾಗಿ ಬಳಸುತ್ತಾರೆ. ಗಾಳಿ ಬಂದ ಕಡೆಗೆ ತೂರಿಕೊಳ್ಳುವವನನ್ನು ಕುರಿತು ಆಡುತ್ತಾರೆ. ಆದುದರಿಂದ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸುವುದು ಅಗತ್ಯ. ಬೆಳಗ್ಗೆ ಎಲ್ಲರನ್ನೂ ಕೇಳಿ ಸಂಜೆ ಯಾರನ್ನೂ ಕೇಳದೆ, ಏಕೆಂದೂ ಹೇಳದೆ ನಡೆಯುವ ಮೇಲಾಳು ಸಂದರ್ಭವನ್ನರಿತವನಲ್ಲ; ಚಂಚಲ. ರೀತಿ ಬದಲಾಗಬಹುದು, ಗುರಿ, ನ್ಯಾಯ, ಹೊಣೆ ಇವು ಬದಲಾಗಕೂಡದು.

ಇದಕ್ಕೆ ನಮ್ಮಲ್ಲಿಯೇ ಉದಾಹರಣೆಯುಂಟು. 1979ರ ಆಗಸ್ಟ್ 10ರಂದು ಶ್ರೀಹರಿಕೋಟೆಯಿಂದ ಹಾರಿದ ಎಸ್.ಎಲ್.ವಿ.-3 ರಾಕೆಟ್ಟು ಕಕ್ಷೆಯನ್ನು ಮುಟ್ಟದೆ ಬಂಗಾಳ ಕೊಲ್ಲಿಯಲ್ಲಿ ಬಿದ್ದಿತು. ಯೋಜನೆಯ ನಿರ್ದೇಶಕರಾಗಿದ್ದವರು ಅಬ್ದುಲ್ ಕಲಾಂ. ಇಸ್ರೋ ಸಂಸ್ಥೆಯ ಅಧ್ಯಕ್ಷರಾಗಿದ್ದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಸತೀಶ್ ಧವನ್. ಅಂದು ಪತ್ರಕರ್ತರ ಮುಂದೆ ಕುಳಿತು ಸೋಲಿನ ಹೊಣೆಯನ್ನು ಹೊತ್ತವರು ಧವನ್. 1980ರ ಜುಲೈ 18ರಂದು ಅದೇ ಬಗೆಯ ರಾಕೆಟ್ಟು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಧವನರು ಕಲಾಂ ಅವರನ್ನೇ ಪತ್ರಕರ್ತರನ್ನು ಕಾಣಲು ಕಳುಹಿಸಿದರು. ಕಲಾಂ ಅವರು ಈ ಪ್ರಸಂಗವನ್ನು ಮುಂದೆ ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುತ್ತಿದ್ದರು. ಸೋತಾಗ ಮುಂದೆ, ಗೆದ್ದಾಗ ಹಿಂದೆ: ನಿಂತ ಸ್ಥಳ ಬದಲಾಯಿತು, ಹೊಣೆಯ ಅರಿವು ಬದಲಾಗಲಿಲ್ಲ.

ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ನಾಳೆ ಒಂದಲ್ಲ ಒಂದು ಕಡೆ ಮುಂದಾಳುಗಳಾಗಬೇಕಾದವರು. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ವಿದ್ಯಾರ್ಥಿನಿಲಯದ ಊಟದ ಲೆಕ್ಕ, ಶಾಲೆಯ ನಾಟಕ, ಪ್ರಯೋಗಶಾಲೆಯ ನಾಲ್ವರ ಗುಂಪು, ಶ್ರಮದಾನದ ಶಿಬಿರ - ಇವೆಲ್ಲವೂ ಅಭ್ಯಾಸದ ಕಣಗಳೇ. ಅಲ್ಲಿ ಮಾತನಾಡುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ಕಾಲವೆಷ್ಟಿದೆ, ತಿಳಿದವರು ಯಾರು, ಯಾರ ಒಪ್ಪಿಗೆ ಬೇಕು. ನಾವು ಮುಂದಾಳುಗಳಲ್ಲದೆ ಪಕ್ಕದ ಆಸನದಲ್ಲಿ ಕುಳಿತಿರುವ ದಿನಗಳೇ ಹೆಚ್ಚು. ಅಂದು ಇಂಧನ ಮುಗಿಯುತ್ತಿರುವುದು ನಮಗೆ ಕಂಡರೆ ಕೇಳಿಸುವಂತೆ ಹೇಳುವುದೂ ನಮ್ಮ ಪಾಲಿನ ಕೆಲಸವೇ.